ದಾವೋಸಿನ ಹಿಮ: ರೋಗಿಗಳ ಊರು ಆಟಗಾರರ ಊರಾದ ಬಗೆ

ಪ್ರತಿವರ್ಷವೂ ಸಾಮಾನ್ಯವಾಗಿ ಜನವರಿ ತಿಂಗಳಲ್ಲಿ ನಮ್ಮ ಪತ್ರಿಕೆಗಳಲ್ಲಿ ದಾವೋಸ್ ಎಂಬ ಊರಿನ ಹೆಸರು ಕಾಣಿಸಿಕೊಳ್ಳುತ್ತದೆ. 1971ರಲ್ಲಿ ಮೊದಲಾದ ಅಲ್ಲಿಯ ಆರ್ಥಿಕ ಸಮ್ಮೇಳನಕ್ಕೆ ದೇಶದೇಶಗಳ ಮಂತ್ರಿಗಳೂ ಕೈಗಾರಿಕೋದ್ಯಮಿಗಳೂ ಬ್ಯಾಂಕುಗಳ ದೊಡ್ಡ ಅಧಿಕಾರಿಗಳೂ ಹೋಗಿಬರುತ್ತಾರೆ; ಬೆಂಗಳೂರಿನಿಂದಲೂ ಹೋಗುವುದುಂಟು. ನಮ್ಮಂತಹ ಬ್ಯಾಂಕಿನ ಗುಮಾಸ್ತರಿಗೆ ಆ ಊರಿನ ಪರಿಚಯವಾದದ್ದು ಈ ಸುದ್ದಿಗಳ ಮೂಲಕವೇ. ಮಹನೀಯರು ಉಣ್ಣೆಯ ಕೋಟು ತೊಟ್ಟು ಕೈಕುಲುಕುತ್ತಿರುವ ಚಿತ್ರದ ಹಿಂದೆ ಒಂದು ಬಿಳಿಯ ಬೆಟ್ಟ, ಆ ಬೆಟ್ಟದ ಮೇಲೆ ಇರುವೆಗಳಂತೆ ಕೆಲವು ಚುಕ್ಕೆಗಳು. ಆ ಚುಕ್ಕೆಗಳು ಯಾರು ಎಂದು ವಿಚಾರಿಸಹೊರಟ ನಮಗೆ ಮಂತ್ರಿಗಳ ಸಮಾಚಾರಕ್ಕಿಂತ ಸ್ವಾರಸ್ಯವಾದ ಒಂದು ಚರಿತ್ರೆ ಸಿಕ್ಕಿತು. ಅದನ್ನು ವಾಚಕರ ಮುಂದೆ ಇಡುತ್ತಿದ್ದೇವೆ.

ದಾವೋಸ್ ಇರುವುದು ಸ್ವಿಟ್ಸರ್ಲೆಂಡಿನ ಪೂರ್ವಕ್ಕೆ, ಗ್ರೌಬ್ಯುಂಡೆನ್ ಎಂಬ ಪ್ರಾಂತದಲ್ಲಿ. ಊರಿನ ಎತ್ತರ ಸಮುದ್ರಮಟ್ಟದಿಂದ ಸುಮಾರು 1560 ಮೀಟರು. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ತುಸು ತಗ್ಗು. ಆದರೆ ಊರಿನ ಮೇಲೆ ನಿಂತಿರುವ ವೈಸ್‌ಫ್ಲೂಯೋಖ್ ಎಂಬ ಕಣಿವೆಬಾಗಿಲು 2662 ಮೀಟರು, ಎಂದರೆ ಹೆಚ್ಚುಕಡಿಮೆ ನೀಲಗಿರಿಯ ದೊಡ್ಡಬೆಟ್ಟದಷ್ಟು. ಎತ್ತರ ಒಂದೇ ಆದರೂ ಅಕ್ಷಾಂಶ ಬೇರೆ. ದೊಡ್ಡಬೆಟ್ಟದಲ್ಲಿ ಮಂಜು ಹುಲ್ಲಿನ ಮೇಲೆ ಹೆಪ್ಪುಗಟ್ಟಿದರೆ ನಾವು ಛಾಯಾಚಿತ್ರ ತೆಗೆಯಲು ಓಡುತ್ತೇವೆ. ಅಲ್ಲಿ ವರ್ಷದ ಅರ್ಧಭಾಗ ನೆಲವೇ ಕಾಣದು. ಹದಿಮೂರನೆಯ ಶತಮಾನದಲ್ಲಿ ವಾಲ್ಸರ್ ಎಂಬ ಜರ್ಮನ್ ನುಡಿಯ ಬೆಟ್ಟದ ಜನ ಬಂದು ಇಲ್ಲಿ ದನ ಸಾಕಿಕೊಂಡು ನೆಲೆಸಿದರು. ಆ ಮೇಲೆ ಐನೂರು ಆರುನೂರು ವರ್ಷ ಹೊರಗಿನವರಿಗೆ ಈ ಕಣಿವೆಯ ಕಡೆ ತಿರುಗಿ ನೋಡುವ ಕಾರಣವೇ ಹೆಚ್ಚಾಗಿ ಇರಲಿಲ್ಲ. ಚಳಿಗಾಲವೆಂದರೆ ಬಾಗಿಲು ಹಾಕಿಕೊಂಡು ಹುಲ್ಲನ್ನೂ ಗಿಣ್ಣನ್ನೂ ಲೆಕ್ಕಹಾಕಿ ಖರ್ಚುಮಾಡುವ ಕಾಲ.

ಇಂತಹ ಊರಿಗೆ 1853ರಲ್ಲಿ ಅಲೆಕ್ಸಾಂಡರ್ ಸ್ಪೆಂಗ್ಲರ್ ಎಂಬ ವೈದ್ಯನು ಬಂದನು. ಇವನು ಜರ್ಮನಿಯ ಮಾನ್‌ಹೈಮಿನವನು. ನ್ಯಾಯಶಾಸ್ತ್ರ ಓದುತ್ತಿದ್ದಾಗ 1849ರ ಬಾಡೆನ್ ಕ್ರಾಂತಿಯಲ್ಲಿ ಸೇರಿ, ಅದು ಸೋತಾಗ ಸ್ವಿಟ್ಸರ್ಲೆಂಡಿಗೆ ಓಡಿಬಂದು, ಜ್ಯೂರಿಚ್‌ನಲ್ಲಿ ವೈದ್ಯ ಕಲಿತು, ಯಾರಿಗೂ ಬೇಡವಾಗಿದ್ದ ಈ ಬೆಟ್ಟದೂರಿನ ಕೆಲಸ ಹಿಡಿದಿದ್ದನು. ಇಲ್ಲಿ ಅವನಿಗೆ ಒಂದು ವಿಷಯ ವಿಚಿತ್ರವಾಗಿ ತೋರಿತು. ಯೂರೋಪಿನ ಪಟ್ಟಣಗಳನ್ನೆಲ್ಲ ತಿಂದುಹಾಕುತ್ತಿದ್ದ ಕ್ಷಯರೋಗ ಈ ಕಣಿವೆಯವರಲ್ಲಿ ಕಾಣಬರುತ್ತಿರಲಿಲ್ಲ. ಹೊರಗೆ ದುಡಿಯಹೋಗಿ ರೋಗ ತಂದವರು ಕೂಡ ಊರಿಗೆ ಮರಳಿದ ಮೇಲೆ ಚೇತರಿಸಿಕೊಳ್ಳುತ್ತಿದ್ದರು. 1865ರ ಫೆಬ್ರವರಿಯಲ್ಲಿ ಜರ್ಮನಿಯಿಂದ ಇಬ್ಬರು ರೋಗಿಗಳು, ಉಂಗರ್ ಎಂಬ ವೈದ್ಯ ಮತ್ತು ರಿಕ್ಟರ್ ಎಂಬ ಪುಸ್ತಕ ವ್ಯಾಪಾರಿ, ಕುದುರೆ ಎಳೆಯುವ ಜಾರುಬಂಡಿಯಲ್ಲಿ ನಡುಚಳಿಗಾಲದಲ್ಲಿ ಬಂದಿಳಿದರು. ಊರಿನವರು ಇವರಿಗೆ ತಲೆಕೆಟ್ಟಿದೆ ಎಂದುಕೊಂಡಿದ್ದರೆ ಆಶ್ಚರ್ಯವಿಲ್ಲ. ಕೆಮ್ಮುವವನನ್ನು ಬೆಚ್ಚಗೆ ಒಲೆಯ ಬಳಿ ಮಲಗಿಸಬೇಕೆಂಬುದು ನಮ್ಮ ಅಜ್ಜಿಯರಿಗೂ ತಿಳಿದ ವೈದ್ಯ; ಇವರೋ ಹಿಮದ ನಡುವೆ ಬಯಲಲ್ಲಿ ಮಲಗತೊಡಗಿದರು. ಇಬ್ಬರೂ ಗುಣಹೊಂದಿದರು. ದಾವೋಸಿನ ಅದೃಷ್ಟ ತಿರುಗಿದ್ದು ಅಂದೇ.

ಎರಡು ವರ್ಷಗಳ ನಂತರ ಬಂದವನು ವಿಲ್ಲೆಮ್ ಯಾನ್ ಹೋಲ್ಸ್‌ಬೂರ್ ಎಂಬ ಡಚ್ಚನು. ಮೊದಲು ಹಡಗಿನ ಕಪ್ತಾನ, ಅನಂತರ ಲಂಡನ್ನಿನಲ್ಲಿ ಒಂದು ಡಚ್ ಬ್ಯಾಂಕಿನ ಶಾಖೆಯ ಮುಖ್ಯಸ್ಥ. ಹೆಂಡತಿಗೆ ಕ್ಷಯವೆಂದು ಕೆಲಸ ಬಿಟ್ಟು ಅವಳನ್ನು ಕರೆತಂದನು. ಆಕೆ ಬದುಕಲಿಲ್ಲ. ಆದರೆ ಆತ ಹಿಂದಿರುಗಲಿಲ್ಲ. ಸ್ಪೆಂಗ್ಲರನೊಡನೆ ಸೇರಿ ಕೂರ್‌ಹೌಸ್ ಎಂಬ ಚಿಕಿತ್ಸಾಲಯವನ್ನು ಕಟ್ಟಿದನು, ಬಂಡವಾಳ ಕೂಡಿಸಿದನು, ಕಡೆಗೆ 1890ರಲ್ಲಿ ಲಾಂಡ್‌ಕ್ವಾರ್ಟಿನಿಂದ ದಾವೋಸಿಗೆ ಕಿರುಹಳಿಯ ರೈಲನ್ನೇ ತಂದನು. ಬ್ಯಾಂಕಿನವನೊಬ್ಬ ಒಂದು ಊರಿನ ಭವಿಷ್ಯವನ್ನು ಹೀಗೆ ಬರೆದನೆಂದು ನಾವು ಸ್ವಲ್ಪ ಹೆಮ್ಮೆಪಟ್ಟುಕೊಂಡರೆ ವಾಚಕರು ಕ್ಷಮಿಸಬೇಕು.

ರೈಲು ಬಂದ ಮೇಲೆ ಆರೋಗ್ಯಧಾಮಗಳು ಸಾಲುಗಟ್ಟಿ ಎದ್ದವು. ಒಂದೊಂದು ಕೋಣೆಗೂ ದಕ್ಷಿಣಕ್ಕೆ ಮುಖಮಾಡಿದ ಮೊಗಸಾಲೆ, ಮೊಗಸಾಲೆಯಲ್ಲಿ ಒರಗುಮಂಚ, ಮಂಚದಲ್ಲಿ ಎರಡು ಕಂಬಳಿ ಸುತ್ತಿಕೊಂಡ ರೋಗಿ. ದಿನಕ್ಕೆ ಆರೆಂಟು ಗಂಟೆ ಅಲುಗಾಡದೆ ಮಲಗುವುದೇ ಚಿಕಿತ್ಸೆ. ಔಷಧವೆಂಬುದು ಇರಲಿಲ್ಲ. 1882ರಲ್ಲಿ ರಾಬರ್ಟ್ ಕಾಕ್ ರೋಗಾಣುವನ್ನು ಕಂಡುಹಿಡಿದಿದ್ದನು ನಿಜ, ಆದರೆ ಕಂಡುಹಿಡಿದ ಮಾತ್ರಕ್ಕೆ ಕೊಲ್ಲಲಾಗುವುದಿಲ್ಲವಷ್ಟೆ. ಉಗುಳಲು ಪ್ರತಿಯೊಬ್ಬರ ಜೇಬಿನಲ್ಲಿಯೂ ನೀಲಿಯ ಗಾಜಿನ ಚಪ್ಪಟೆ ಸೀಸೆ. ಹೀಗೆ ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ, ಎದುರಿನ ಬಿಳಿಯ ಬೆಟ್ಟವನ್ನು ನೋಡುತ್ತ ಮಲಗಿದ್ದರು. ಬೆಟ್ಟ ಏರಲೆಂದಾಗಲಿ ಇಳಿಯಲೆಂದಾಗಲಿ ಇದೆ ಎಂದು ಅವರಾರಿಗೂ ಅನ್ನಿಸುವ ಹಾಗಿರಲಿಲ್ಲ.

ಇನ್ನು ಹಿಮದಲ್ಲಿ ಜಾರುವ ಹಲಗೆಯ ಸಂಗತಿ. ಸ್ಕೀ ಎಂಬ ಈ ಹಲಗೆ ಆಲ್ಪ್ಸಿನದಲ್ಲ, ನಾರ್ವೆಯದು. ಅಲ್ಲಿಯ ರೈತರು ಸಾವಿರಾರು ವರ್ಷಗಳಿಂದ ಉದ್ದನೆಯ ಎರಡು ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು ಹಿಮದ ಮೇಲೆ ಬೇಟೆಗೂ ಹೋಗುತ್ತಿದ್ದರು, ಚರ್ಚಿಗೂ ಹೋಗುತ್ತಿದ್ದರು. ಹೂತುಹೋಗದೆ ನಡೆಯುವುದು ಮುಖ್ಯ, ಜಾರುವುದು ಲಾಭದ ಮೇಲಿನ ಲಾಭ. ಟೆಲೆಮಾರ್ಕ್ ಸೀಮೆಯ ಸೋಂಡ್ರೆ ನೋರ್‌ಹೈಮ್ ಎಂಬ ಬಡವನು ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಬಳ್ಳಿಯ ಕಟ್ಟನ್ನು ಹಿಮ್ಮಡಿಯ ಹಿಂದಿನಿಂದ ಸುತ್ತಿ ಬಿಗಿದು, ಹಲಗೆ ಕಳಚದಂತೆ ತಿರುಗಿ ನೆಗೆದು ಇಳಿಯುವುದನ್ನು ತೋರಿಸಿದನು. 1888ರಲ್ಲಿ ಫ್ರಿಟ್ಯೋಫ್ ನಾನ್ಸೆನ್ ಐವರು ಸಂಗಡಿಗರೊಡನೆ ಸ್ಕೀ ಹಲಗೆಗಳ ಮೇಲೆ ಗ್ರೀನ್‌ಲೆಂಡನ್ನು ದಾಟಿದನು. ಆ ಸಾಹಸದ ಪುಸ್ತಕ ಜರ್ಮನ್ ಭಾಷೆಗೆ ಬಂದದ್ದೇ ತಡ, ಆಲ್ಪ್ಸಿನ ತರುಣರಿಗೆ ಹುಚ್ಚು ಹಿಡಿಯಿತು.

ದಾವೋಸಿನಲ್ಲಿ ಈ ಹುಚ್ಚು ಹಿಡಿದವರು ಟೋಬಿಯಾಸ್ ಬ್ರಾಂಗರ್ ಮತ್ತು ಅವನ ತಮ್ಮ. ಇಬ್ಬರೂ ನಾರ್ವೆಯಿಂದ ಹಲಗೆ ತರಿಸಿದರು. ಹೇಗೆ ನಿಲ್ಲಬೇಕೆಂದು ಹೇಳಿಕೊಡಲು ಊರಲ್ಲಿ ಒಬ್ಬನೂ ಇಲ್ಲ. ಹಗಲಲ್ಲಿ ಅಭ್ಯಾಸಮಾಡಿದರೆ ಬೀಳುವುದನ್ನು ಕಂಡು ಊರಿಗೆ ಊರೇ ನಗುತ್ತಿತ್ತಾದ್ದರಿಂದ ಕತ್ತಲಾದ ಮೇಲೆ ಬೆಟ್ಟಕ್ಕೆ ಹೋಗಿ ಬಿದ್ದು ಎದ್ದು ಕಲಿತರಂತೆ. 1893ರಲ್ಲಿ ಅಣ್ಣತಮ್ಮಂದಿರು ಪಕ್ಕದ ಕಣಿವೆಯ ಅರೋಸಾ ಎಂಬ ಊರಿಗೆ ಬೆಟ್ಟ ದಾಟಿ ಹೋಗಿಯೂ ಬಿಟ್ಟರು.

ಮುಂದಿನ ವರ್ಷ ಇವರ ಜೊತೆ ಹೊರಟ ಮೂರನೆಯವನು ಮಾತ್ರ ವಾಚಕರೆಲ್ಲರಿಗೂ ಪರಿಚಿತನು. ಷರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್. 1893ರ ಡಿಸೆಂಬರಿನಲ್ಲಿ ಪ್ರಕಟವಾದ ಕಥೆಯಲ್ಲಿ ಅವನು ಹೋಮ್ಸನನ್ನು ಸ್ವಿಟ್ಸರ್ಲೆಂಡಿನ ಜಲಪಾತವೊಂದಕ್ಕೆ ತಳ್ಳಿ ಕೈತೊಳೆದುಕೊಂಡಿದ್ದನು. ಓದುಗರು ಕಂಗೆಟ್ಟಿದ್ದರು, ಲೇಖಕನಿಗೆ ಅದರ ಪರಿವೆ ಇರಲಿಲ್ಲ. ಕಾರಣ, ಅದೇ ವರ್ಷ ಅವನ ಹೆಂಡತಿ ಲೂಯಿಸಾಳಿಗೆ ಕ್ಷಯವೆಂದು ವೈದ್ಯರು ಹೇಳಿದ್ದರು. ಕೆಲವೇ ತಿಂಗಳು ಎಂದಿದ್ದರು. ಅವಳನ್ನು ಕರೆದುಕೊಂಡು ಅವನು ದಾವೋಸಿಗೆ ಬಂದಿದ್ದನು. ಸ್ವತಃ ವೈದ್ಯ, ಮಲಗಿರುವವಳ ಬಳಿ ಕೂತು ಮಾಡುವುದೇನೂ ಇಲ್ಲವೆಂದು ಚೆನ್ನಾಗಿ ಬಲ್ಲವನು. ಆರಡಿ ಎತ್ತರದ ಗಟ್ಟಿಮುಟ್ಟು ದೇಹ. ಹಲಗೆ ಕಟ್ಟಿಕೊಂಡನು.

1894ರ ಮಾರ್ಚ್ 23ರಂದು ಬೆಳಗಿನ ಜಾವ ಇನ್ನೂ ಕತ್ತಲಿರುವಾಗಲೇ ಮೂವರೂ ಹೊರಟರು. 2440 ಮೀಟರು ಎತ್ತರದ ಮೈಯೆನ್‌ಫೆಲ್ಡರ್ ಫುರ್ಗಾ ಎಂಬ ಕಣಿವೆಬಾಗಿಲನ್ನು ಹತ್ತಿ ಆಚೆ ಇಳಿಯಬೇಕು. ಈ ಪ್ರಯಾಣವನ್ನು ಡಾಯ್ಲ್ ಅದೇ ವರ್ಷ ಡಿಸೆಂಬರಿನ ಸ್ಟ್ರಾಂಡ್ ಪತ್ರಿಕೆಯಲ್ಲಿ ವರ್ಣಿಸಿದ್ದಾನೆ. ತನ್ನನ್ನು ತಾನೇ ಹಾಸ್ಯಮಾಡಿಕೊಳ್ಳುವುದರಲ್ಲಿ ಅವನಿಗೆ ಸಂಕೋಚವಿಲ್ಲ. ಒಂದು ಕಡಿದಾದ ಇಳಿಜಾರಿನಲ್ಲಿ ಹಲಗೆಗಳನ್ನು ಜೋಡಿಸಿ ಕಟ್ಟಿ ಅದರ ಮೇಲೆ ಕೂತು ಜಾರುವುದೆಂದಾಯಿತು. ಡಾಯ್ಲನ ಹಲಗೆಗಳು ಅವನ ಕೈತಪ್ಪಿಸಿಕೊಂಡು ತಾವೇ ಮುಂದೆ ಹೋದವು. ಪಾಪ, ಉಳಿದ ದಾರಿಯನ್ನು ಅವನು ಕೂತುಕೊಂಡೇ ಇಳಿದನು. ಹ್ಯಾರಿಸ್ ಟ್ವೀಡ್ ಬಟ್ಟೆ ಸವೆಯುವುದೇ ಇಲ್ಲವೆಂದು ದರ್ಜಿ ಹೇಳಿದ್ದನಂತೆ. ಆ ಸಿದ್ಧಾಂತವು ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಹನ್ನೊಂದೂವರೆಗೆ ಅರೋಸಾ ಸೇರಿದರು. ಒಂದು ಗಂಟೆಗೆ ಮುಂಚೆ ಬರಲಾರರೆಂದು ಲೆಕ್ಕಹಾಕಿದ್ದ ಊರಿನವರು ಇವರು ಇಳಿದುಬರುವ ತಮಾಷೆ ನೋಡಲು ಹೊರಗೆ ಬಂದಾಗ ಇವರು ಊಟವನ್ನೇ ಮುಗಿಸುತ್ತಿದ್ದರು. ಹೋಟೆಲಿನ ಪುಸ್ತಕದಲ್ಲಿ ಮೂವರ ಹೆಸರನ್ನೂ ಬರೆದ ಟೋಬಿಯಾಸ್, ಡಾಯ್ಲನ ಉದ್ಯೋಗದ ಕಾಲಂನಲ್ಲಿ ಆಟಗಾರನೆಂದು ತುಂಬಿದನು. ಲೇಖಕ ಮಹಾಶಯನಿಗೆ ಇದರಿಂದ ಬಹಳ ಸಂತೋಷವಾಯಿತು. ಮುಂದೊಂದು ದಿನ ಇಂಗ್ಲಿಷರು ನೂರಾರು ಸಂಖ್ಯೆಯಲ್ಲಿ ಬರೀ ಸ್ಕೀ ಆಡಲೆಂದೇ ಸ್ವಿಟ್ಸರ್ಲೆಂಡಿಗೆ ಬರುವರೆಂದು ಅವನು ಭವಿಷ್ಯ ನುಡಿದನು. ನೂರಾರು ಎಂದದ್ದೊಂದೇ ತಪ್ಪು.

ಅಂದು ಲೂಯಿಸಾ ಎಲ್ಲಿದ್ದಳು? ದಾವೋಸಿನಲ್ಲಿ, ಮೊಗಸಾಲೆಯಲ್ಲಿ. ಸ್ಕೀಯ ಚರಿತ್ರೆ ಬರೆದವರು ಟ್ವೀಡ್ ಚಲ್ಲಣದ ವಿಷಯ ಬರೆಯುತ್ತಾರೆ, ಈಕೆಯನ್ನು ಒಂದು ವಾಕ್ಯದಲ್ಲಿ ಮುಗಿಸುತ್ತಾರೆ. ನಮಗೆ ಇದು ನ್ಯಾಯವಾಗಿ ತೋರಲಿಲ್ಲ. ಆಕೆ ಬಾರದಿದ್ದರೆ ಅವನೂ ಬರುತ್ತಿರಲಿಲ್ಲ. ಹೋಲ್ಸ್‌ಬೂರನ ಹೆಂಡತಿ ಬಾರದಿದ್ದರೆ ರೈಲೂ ಇಲ್ಲ. 1912ರಲ್ಲಿ ಥಾಮಸ್ ಮಾನ್ ಎಂಬ ಜರ್ಮನ್ ಕಾದಂಬರಿಕಾರನು ಇಲ್ಲಿ ಮಲಗಿದ್ದ ತನ್ನ ಹೆಂಡತಿಯನ್ನು ನೋಡಲು ಮೂರು ವಾರಕ್ಕೆಂದು ಬಂದನು. ವೈದ್ಯನು ಅವನ ಎದೆಯನ್ನೂ ತಟ್ಟಿ ನೋಡಿ, ನೀವೂ ಆರು ತಿಂಗಳು ಇಲ್ಲಿಯೇ ಇರುವುದು ಒಳ್ಳೆಯದೆಂದನು. ಅವನು ಊರಿಗೆ ಹೋಗಿ ಹನ್ನೆರಡು ವರ್ಷದ ಮೇಲೆ, 1924ರಲ್ಲಿ, ‘ಮಾಯಾಪರ್ವತ’ ಎಂಬರ್ಥದ ಹೆಸರಿನ ದೊಡ್ಡ ಕಾದಂಬರಿ ಹೊರತಂದನು. ಅದರ ನಾಯಕನು ಒಂದು ಅಧ್ಯಾಯದಲ್ಲಿ ವೈದ್ಯರ ಕಣ್ಣುತಪ್ಪಿಸಿ ಸ್ಕೀ ಹಲಗೆ ಕೊಂಡು ಬೆಟ್ಟಕ್ಕೆ ಹೋಗಿ ಹಿಮದ ಬಿರುಗಾಳಿಗೆ ಸಿಕ್ಕಿಕೊಳ್ಳುತ್ತಾನೆ. ಹೆಂಡತಿಯ ಕ್ಷ-ಕಿರಣ ಚಿತ್ರಗಳನ್ನು ಎಷ್ಟೋ ವರ್ಷದ ಮೇಲೆ ಪರಿಶೀಲಿಸಿದಾಗ ಅವಳಿಗೆ ಕ್ಷಯವೇ ಇರಲಿಲ್ಲವೆಂದು ಕಂಡಿತು!

ನಮ್ಮ ದೇಶದವರಿಗೂ ಈ ಕಥೆಯಲ್ಲಿ ಪಾಲಿದೆ. 1926ರಲ್ಲಿ ಜವಾಹರಲಾಲ ನೆಹರೂ ಅವರು ಅಸ್ವಸ್ಥರಾಗಿದ್ದ ಕಮಲಾ ಅವರನ್ನು ಚಿಕಿತ್ಸೆಗಾಗಿ ಸ್ವಿಟ್ಸರ್ಲೆಂಡಿಗೆ ಕರೆದೊಯ್ದರು. ಮೊದಲು ಜಿನೀವಾ, ಚಳಿಗಾಲಕ್ಕೆ ಮೋಂಟಾನಾ ಎಂಬ ಬೆಟ್ಟದೂರಿನ ಆರೋಗ್ಯಧಾಮ. ಅಲ್ಲಿ ನೆಹರೂ ಅವರು ಸ್ಕೀ ಕಲಿತದ್ದನ್ನು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಹಿಮಗಡ್ಡೆಯ ಮೇಲೆ ಜಾರುವುದು ಹಿಂದೆಯೇ ಗೊತ್ತಿತ್ತು, ಸ್ಕೀ ಹೊಸದು. ಲೆಕ್ಕವಿಲ್ಲದಷ್ಟು ಬಾರಿ ಬಿದ್ದರೂ ಹಟಹಿಡಿದು ಕಲಿತು ಕಡೆಗೆ ಸಂತೋಷಪಟ್ಟರು. ಮತ್ತೆ ಅದೇ ಚಿತ್ರ: ಮೊಗಸಾಲೆಯಲ್ಲಿ ಹೆಂಡತಿ, ಇಳಿಜಾರಿನಲ್ಲಿ ಗಂಡ. ಕಮಲಾ ಅವರು 1936ರ ಫೆಬ್ರವರಿ 28ರಂದು ಅದೇ ದೇಶದ ಲೋಸಾನ್ ನಗರದಲ್ಲಿ ತೀರಿಕೊಂಡರು. ಮಗಳು ಇಂದಿರಾ ಕೂಡ 1940ರಲ್ಲಿ ಲೇಸ್ಯಾಂ ಎಂಬ ಊರಿನ ಆರೋಗ್ಯಧಾಮದಲ್ಲಿ ತಿಂಗಳುಗಟ್ಟಲೆ ಮಲಗಬೇಕಾಯಿತು.

ಆ ಕಾಲದಲ್ಲಿ ನಮ್ಮ ಮನೆಗಳಲ್ಲಿ ಕ್ಷಯವೆಂಬ ಮಾತನ್ನು ಗಟ್ಟಿಯಾಗಿ ಆಡುತ್ತಿರಲಿಲ್ಲ. ಸ್ವಿಟ್ಸರ್ಲೆಂಡಿಗೆ ಹೋಗಬಲ್ಲವರು ಎಷ್ಟು ಮಂದಿ? ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಆರೋಗ್ಯಧಾಮ, ಮದನಪಲ್ಲಿಯ ಬಳಿ ಆರೋಗ್ಯವರಂ. ಇವೇ ದಕ್ಷಿಣದವರ ದಾವೋಸ್. ಗಾಳಿ, ಬಿಸಿಲು, ಹಾಲು, ಮೊಟ್ಟೆ, ವಿಶ್ರಾಂತಿ ಎಂಬ ವಿಧಾನವೆಲ್ಲ ಆ ಬೆಟ್ಟದೂರುಗಳಿಂದಲೇ ಬಂದದ್ದು. ಹಿಮವೊಂದು ಇರಲಿಲ್ಲ.

ಮದರಾಸಿಗೂ ಈ ಆಟಕ್ಕೂ ಇರುವ ಒಂದು ನಂಟನ್ನು ನಾವು ಹೇಳದೆ ಇರಲಾರೆವು. ಇಂದಿನ ಸ್ಕೀ ಸ್ಪರ್ಧೆಗಳ ಪಿತಾಮಹನೆನಿಸಿದ ಆರ್ನಲ್ಡ್ ಲನ್ ಹುಟ್ಟಿದ್ದು 1888ರಲ್ಲಿ ನಾವಿರುವ ಈ ಊರಿನಲ್ಲಿಯೇ. ತಂದೆ ಹೆನ್ರಿ ಲನ್ ಇಲ್ಲಿ ಮೆಥೋಡಿಸ್ಟ್ ಮಿಷನರಿಯಾಗಿದ್ದು, ಮರಳಿ ಹೋಗಿ ಇಂಗ್ಲಿಷರನ್ನು ಚಳಿಗಾಲದಲ್ಲಿ ಆಲ್ಪ್ಸಿಗೆ ಕರೆದೊಯ್ಯುವ ಪ್ರವಾಸದ ವ್ಯಾಪಾರ ತೆರೆದನು. ಮಗನು 1911ರ ಜನವರಿಯಲ್ಲಿ, ಮುಂದೆ ಕಮಲಾ ನೆಹರೂ ಇದ್ದ ಅದೇ ಮೋಂಟಾನಾದಲ್ಲಿ, ಬೆಟ್ಟದ ಮೇಲಿನಿಂದ ಕೆಳಕ್ಕೆ ಯಾರು ಬೇಗ ಇಳಿಯುವರೆಂಬ ಪಂದ್ಯವನ್ನು ಏರ್ಪಡಿಸಿದನು. ಬಹುಮಾನದ ಬಟ್ಟಲಿಗೆ ಕಂದಹಾರದ ಲಾರ್ಡ್ ರಾಬರ್ಟ್ಸನ ಹೆಸರು; ಈ ಸೇನಾಪತಿ ಹುಟ್ಟಿದ್ದು ಕಾನ್ಪುರದಲ್ಲಿ, ಬಿರುದು ಪಡೆದದ್ದು ಅಫಘಾನಿಸ್ಥಾನದ ಯುದ್ಧದಲ್ಲಿ. ಹೀಗಾಗಿ ಆಲ್ಪ್ಸಿನ ಸ್ಕೀ ಪಂದ್ಯಗಳಿಗೆ ಇಂದಿಗೂ ‘ಕಂದಹಾರ್’ ಎಂಬ ಹೆಸರು ಅಂಟಿಕೊಂಡಿದೆ. 1922ರಲ್ಲಿ ಮ್ಯೂರೆನ್ ಎಂಬಲ್ಲಿ ಲನ್ ಬಾವುಟಗಳನ್ನು ನೆಟ್ಟು ಅವುಗಳ ನಡುವೆ ಅಂಕುಡೊಂಕಾಗಿ ಇಳಿಯುವ ಸ್ಲಾಲಂ ಪಂದ್ಯಕ್ಕೆ ಈಗಿನ ರೂಪ ಕೊಟ್ಟನು. ನಾರ್ವೆಯವರು ಮೂಗು ಮುರಿದರು. ಬಯಲಲ್ಲಿ ದೂರ ನಡೆಯುವುದೂ ನೆಗೆಯುವುದೂ ಅವರಿಗೆ ಸ್ಕೀ, ಬರೀ ಇಳಿಯುವುದು ಸೋಮಾರಿಗಳ ಕೆಲಸ. ಆ ಹಳೆಯ ಮಾದರಿ ನಶಿಸಿಲ್ಲ. ನಮ್ಮ ಕೊಡಗಿನ ತೆಕ್ಕಡ ಭವಾನಿ ಅವರು ಭಾರತದ ಪರವಾಗಿ ಸ್ಪರ್ಧಿಸುತ್ತಿರುವುದು ಅದರಲ್ಲಿಯೇ. ಹಿಮವೇ ಬೀಳದ ಸೀಮೆಯ ಹೆಣ್ಣುಮಗಳು!

ನಾರ್ವೆಯವರ ಮಾತಿನಲ್ಲಿ ಒಂದಿಷ್ಟು ಸತ್ಯವಿತ್ತು. ಆಗ ಇಳಿಯಬೇಕಾದರೆ ಮೊದಲು ಹತ್ತಬೇಕು. ಹಲಗೆಯಡಿಗೆ ಸೀಲ್ ಪ್ರಾಣಿಯ ಚರ್ಮ ಕಟ್ಟಿಕೊಂಡರೆ ಕೂದಲು ಹಿಮವನ್ನು ಕಚ್ಚಿ ಹಿಂದಕ್ಕೆ ಜಾರಗೊಡದು. ಹೀಗೆ ಮೂರು ನಾಲ್ಕು ಗಂಟೆ ಹತ್ತಿ, ಅರ್ಧಗಂಟೆ ಇಳಿದರೆ ದಿನದ ಆಟ ಮುಗಿಯಿತು. ಬಲಿಷ್ಠರಿಗೆ, ಬಿಡುವುಳ್ಳವರಿಗೆ ಮಾತ್ರ ಸಾಧ್ಯವಾದ ವಿನೋದ. ಇದನ್ನು ತಿರುಗಿಸಿದ್ದು ದಾವೋಸ್. 1931–32ರಲ್ಲಿ ಊರಿನಿಂದ ವೈಸ್‌ಫ್ಲೂಯೋಖ್‌ವರೆಗೆ ಹಗ್ಗದಿಂದ ಎಳೆಯುವ ಪಾರ್ಸೆನ್ ರೈಲು ಹಾಕಿದರು. ಅಲ್ಲಿಂದ ಕ್ಯೂಬ್ಲಿಸ್ ಹಳ್ಳಿಯವರೆಗೆ ಹತ್ತು ಹನ್ನೆರಡು ಕಿಲೋಮೀಟರು ಒಂದೇ ಸಮನೆ ಇಳಿಯಬಹುದು. ಕೆಳಗೆ ಸಾಮಾನ್ಯ ರೈಲು ಹಿಡಿದು ಮರಳಬಹುದು. ಇದು ಪಳಗಿದವರಿಗಾಯಿತು. ಕಲಿಯುವವರಿಗೆ ಅನುಕೂಲ ಮಾಡಿಕೊಟ್ಟವನು ಎರ್ನ್ಸ್ಟ್ ಕೋನ್ಸ್ಟಾಂ ಎಂಬ ಜ್ಯೂರಿಚ್ ಎಂಜಿನಿಯರು. 1934ರ ಕ್ರಿಸ್ಮಸ್ ಹಿಂದಿನ ದಿನ ಊರಂಚಿನ ಬೋಲ್ಗೆನ್ ಎಂಬ ಸೌಮ್ಯವಾದ ದಿಣ್ಣೆಯಲ್ಲಿ ಅವನ ಯಂತ್ರ ಓಡಿತು. ಕಂಬಗಳ ಮೇಲೆ ಬಿಡದೆ ಸುತ್ತುವ ಉಕ್ಕಿನ ಹಗ್ಗ. ಅದರಿಂದ ಕೆಳಗಿಳಿದ ಕೊಕ್ಕೆ. ಕೊಕ್ಕೆಯನ್ನು ಸೊಂಟದ ಕೆಳಗೆ ಸಿಕ್ಕಿಸಿಕೊಂಡು ನಿಂತರೆ ಹಲಗೆಯ ಮೇಲೆಯೇ ಮೇಲಕ್ಕೆ ಎಳೆದೊಯ್ಯುತ್ತದೆ. ಮುಂದಿನ ವರ್ಷ ತಲೆಕೆಳಗಾದ ಟಿ ಅಕ್ಷರದಂತೆ ಮಾಡಿ ಇಬ್ಬಿಬ್ಬರನ್ನು ಎಳೆಯಿಸಿದನು. ದಿನಕ್ಕೆ ಒಂದು ಬಾರಿ ಇಳಿಯುತ್ತಿದ್ದವನು ಇಪ್ಪತ್ತು ಬಾರಿ ಇಳಿಯತೊಡಗಿದನು. ಬಿದ್ದು ಕಲಿಯುವ ವಿದ್ಯೆಗೆ ಬೀಳುವ ಅವಕಾಶವೇ ಬಂಡವಾಳ ತಾನೆ? ಮಕ್ಕಳು, ಹೆಂಗಸರು, ಐವತ್ತು ದಾಟಿದವರು ಎಲ್ಲರೂ ಹಲಗೆ ಕಟ್ಟಿದರು. ಸುಲಭದ ದಾರಿಗೆ ನೀಲಿ, ನಡುತರಕ್ಕೆ ಕೆಂಪು, ಕಡಿದಾದುದಕ್ಕೆ ಕಪ್ಪು ಎಂದು ಬಣ್ಣದ ಗುರುತು ಹಾಕುವ ಪದ್ಧತಿ ಬಂದದ್ದೂ ಇಂತಹ ಎಲ್ಲ ಬಗೆಯ ಜನ ಒಂದೇ ಬೆಟ್ಟದಲ್ಲಿ ಸೇರಿದ ಮೇಲೆ.

ಆದರೆ ಇಳಿಜಾರಿನಲ್ಲಿ ಕೂಗಾಟ, ಎದುರು ಮೊಗಸಾಲೆಯಲ್ಲಿ ಕೆಮ್ಮು. ಎರಡೂ ಒಂದೇ ಬೀದಿಯಲ್ಲಿ. ಆಟಕ್ಕೆ ಬಂದವರಿಗೆ ಸೋಂಕಿನ ಭಯ; ರೋಗಿಗಳಿಗೆ ಇವರ ಕೆಂಪಾದ ಕೆನ್ನೆಗಳನ್ನು ನೋಡುವ ಸಂಕಟ. ಈ ತೊಡಕನ್ನು ಬಿಡಿಸಿದ್ದು ಬೆಟ್ಟವಲ್ಲ, ಅಮೆರಿಕದ ಪ್ರಯೋಗಶಾಲೆ. 1943ರಲ್ಲಿ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಸ್ಟ್ರೆಪ್ಟೊಮೈಸಿನ್ ದೊರೆಯಿತು. 1952ರಲ್ಲಿ ಐಸೊನಯಾಜಿಡ್ ಗುಳಿಗೆ ಬಂತು. ಮನೆಯಲ್ಲಿದ್ದುಕೊಂಡೇ ಗುಣವಾಗುವವನು ಸ್ವಿಟ್ಸರ್ಲೆಂಡಿನ ಚಳಿಯಲ್ಲಿ ಮಲಗುವುದೇಕೆ? ಹತ್ತು ಹದಿನೈದು ವರ್ಷದೊಳಗೆ ಆರೋಗ್ಯಧಾಮಗಳು ಒಂದೊಂದಾಗಿ ಹೋಟೆಲುಗಳಾದವು. ಅದೇ ಮೊಗಸಾಲೆ, ಅದೇ ಬಿಸಿಲು, ಬಾಡಿಗೆ ಕೊಡುವವರು ಮಾತ್ರ ಬೇರೆ.

ಹಿಮವು ಆಟಿಕೆಯಲ್ಲವೆಂಬುದನ್ನೂ ಆ ಊರು ಮರೆಯಲಿಲ್ಲ. 1936ರಲ್ಲಿಯೇ ವೈಸ್‌ಫ್ಲೂಯೋಖ್ ಮೇಲೆ ಒಂದು ಮರದ ಗುಡಿಸಲಿನಲ್ಲಿ ಕೆಲವು ವಿಜ್ಞಾನಿಗಳು ಹಿಮವನ್ನು ಪದರ ಪದರವಾಗಿ ಕೊಯ್ದು ಪರೀಕ್ಷಿಸತೊಡಗಿದ್ದರು. ಮೇಲೆ ಹೊಸ ಹಿಮದ ಭಾರ, ಅಡಿಯಲ್ಲಿ ಸಕ್ಕರೆಯ ಹರಳಿನಂತೆ ಬಿಡಿಬಿಡಿಯಾದ ಹಳೆಯ ಪದರ. ಇಳಿಜಾರಿನಲ್ಲಿ ಈ ಎರಡೂ ಸೇರಿದರೆ ಒಬ್ಬ ಸ್ಕೀಗಾರನ ಭಾರವೇ ಹಿಮಕುಸಿತವನ್ನು ಎಬ್ಬಿಸಲು ಸಾಕು. 1951ರ ಚಳಿಗಾಲವೊಂದರಲ್ಲಿಯೇ ಸ್ವಿಟ್ಸರ್ಲೆಂಡಿನಲ್ಲಿ 98 ಮಂದಿ ಹಿಮಕುಸಿತಗಳಿಗೆ ಬಲಿಯಾದರು. ಇಂದು ಆ ಗುಡಿಸಲಿನ ವಂಶದ ಸಂಸ್ಥೆ ದಾವೋಸಿನಲ್ಲಿದ್ದು, ಚಳಿಗಾಲದಲ್ಲಿ ದಿನವೂ ಇಡೀ ದೇಶಕ್ಕೆ ಎಚ್ಚರಿಕೆಯ ಪ್ರಕಟಣೆ ಹೊರಡಿಸುತ್ತದೆ.

ಎರಡು ಹಲಗೆಯ ಬದಲು ಒಂದೇ ಅಗಲ ಹಲಗೆಯ ಮೇಲೆ ಅಡ್ಡನಿಂತು ಜಾರುವ ಸ್ನೋಬೋರ್ಡು ತೀರ ಈಚಿನದು. 1965ರಲ್ಲಿ ಅಮೆರಿಕದ ಮಿಚಿಗನ್ನಿನ ಷರ್ಮನ್ ಪಾಪೆನ್ ಎಂಬಾತ ಮಗಳ ಆಟಕ್ಕೆಂದು ಎರಡು ಸ್ಕೀಗಳನ್ನು ಜೋಡಿಸಿ ಮಾಡಿದ್ದೇ ಅದರ ಮೂಲ. ಬಹುಕಾಲ ಹಲವು ಸ್ಕೀ ಊರುಗಳು ಈ ಹುಡುಗರನ್ನು ಪುಂಡರೆಂದು ಬಗೆದು ಬೆಟ್ಟಕ್ಕೆ ಬಿಡಲಿಲ್ಲ. ಬ್ರಾಂಗರ್ ಸೋದರರು ಕತ್ತಲಲ್ಲಿ ಕಲಿತದ್ದು ಯಾರಿಗೂ ನೆನಪಾಗಲಿಲ್ಲವೇನೋ. ದಾವೋಸಿನಲ್ಲಿ ಯಾಕೊಬ್ಸ್‌ಹಾರ್ನ್ ಎಂಬ ಬೆಟ್ಟ ಅವರ ನೆಚ್ಚಿನ ತಾಣವಾಯಿತು. 1998ರಲ್ಲಿ ಜಪಾನಿನ ನಗಾನೊ ಒಲಿಂಪಿಕ್ಸಿನಲ್ಲಿ ಈ ಆಟ ಮೊದಲ ಬಾರಿ ಸೇರಿದಾಗ ಹಾಫ್‌ಪೈಪ್ ಎಂಬ ವಿಭಾಗದಲ್ಲಿ ಚಿನ್ನ ಗೆದ್ದವನು ಜ್ಯಾನ್ ಸಿಮ್ಮೆನ್ ಎಂಬ ಅರೋಸಾದ ಹುಡುಗ. ಡಾಯ್ಲ್ ಹರಿದ ಚಲ್ಲಣದಲ್ಲಿ ಊಟಮಾಡಿದ ಊರು ಅದೇ.

ಈಗ ಹಿಮಕ್ಕೇ ರೋಗ ಬಂದಂತಿದೆ. ಚಳಿಗಾಲಗಳು ಮೆತ್ತಗಾಗಿ ತಗ್ಗಿನ ಇಳಿಜಾರುಗಳಲ್ಲಿ ಯಂತ್ರದಿಂದ ಹಿಮ ಚಿಮ್ಮಿಸುತ್ತಾರೆ. ದಾವೋಸಿನವರಂತೂ ವಸಂತದಲ್ಲಿ ಹಿಮವನ್ನು ಗುಡ್ಡೆಹಾಕಿ ದಪ್ಪನಾಗಿ ಮರದ ಹೊಟ್ಟು ಮುಚ್ಚಿ, ಬೇಸಿಗೆಯೆಲ್ಲ ಕಾಪಾಡಿಟ್ಟು, ಶರತ್ಕಾಲದಲ್ಲಿ ಹರಡಿ ದೂರದೋಟದ ಸ್ಕೀ ದಾರಿಯನ್ನು ಮಾಡುತ್ತಾರೆ. ನಮ್ಮ ಹಳ್ಳಿಗಳಲ್ಲಿ ಹಗೇವಿನಲ್ಲಿ ಜೋಳ ಇಡುತ್ತಿದ್ದ ಹಾಗೆ.

ಊರಿನ ಮೇಲ್ಗಡೆ ಷಾಟ್ಸ್‌ಆಲ್ಪ್ ಎಂಬ ದಿಬ್ಬದಲ್ಲಿ 1900ರಲ್ಲಿ ತೆರೆದ ಆರೋಗ್ಯಧಾಮವು ಇಂದು ಹೋಟೆಲಾಗಿ ನಿಂತಿದೆ. ಚಳಿಗಾಲದಲ್ಲಿ ಅಲ್ಲಿ ಸತ್ತವರನ್ನು ಜಾರುಬಂಡಿಯಲ್ಲಿ ಕೆಳಗೆ ಸಾಗಿಸುತ್ತಿದ್ದರೆಂದು ಮಾನನ ಕಾದಂಬರಿಯಲ್ಲಿ ಬರುತ್ತದೆ. ಅದರ ಸುತ್ತಣ ಇಳಿಜಾರನ್ನು ಈಗ ನಿಧಾನದ ಬೆಟ್ಟವೆಂದು ಸಾರಿದ್ದಾರೆ. ವೇಗ ಬೇಡದವರು, ವಯಸ್ಸಾದವರು, ಹೊಸಬರು ಅಲ್ಲಿಗೆ ಹೋಗುತ್ತಾರೆ. ಯಂತ್ರದ ಹಿಮವಿಲ್ಲ, ಬಿದ್ದಷ್ಟೇ. ಇನ್ನು ಲೂಯಿಸಾ ಡಾಯ್ಲ್: ತಿಂಗಳುಗಳ ಮಾತಾಡಿದ್ದ ವೈದ್ಯರ ಲೆಕ್ಕ ತಪ್ಪಿತು. ದಾವೋಸ್, ಆಮೇಲೆ ಈಜಿಪ್ಟ್, ಆಮೇಲೆ ಇಂಗ್ಲೆಂಡಿನ ಸರೇ ಸೀಮೆಯ ಬೆಟ್ಟದ ಮನೆ ಎಂದು ಆಕೆ ಮತ್ತೆ ಹದಿಮೂರು ವರ್ಷ ಬದುಕಿ, 1906ರ ಜುಲೈ ತಿಂಗಳಲ್ಲಿ ತೀರಿಕೊಂಡಳು.